ಸಾಕ್ಷ್ಯ ಮತ್ತು ಆಪ್ತತೆ: ಬೇಗಂ ಬಜಾರಿನ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ ಮತ್ತು ‘ಆಪ್ತಸಮಾಲೋಚನೆ’ ಎಂಬ ಎರಡು ಪದಗಳು ಬಳಕೆಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಇವೆರಡೂ ಇಂಗ್ಲಿಷಿನ ಪರಿಕಲ್ಪನೆಗಳಿಗೆ ನಾವು ಕಟ್ಟಿಕೊಂಡ ಸಂವಾದಿ ಪದಗಳು. ಆದರೆ ಕಟ್ಟಿದವರು, ತಿಳಿದೋ ತಿಳಿಯದೆಯೋ, ಮೂಲದಲ್ಲಿಲ್ಲದ ಅರ್ಥವೊಂದನ್ನು ಅವುಗಳೊಳಗೆ ಇರಿಸಿದ್ದಾರೆ. ಸಾಕ್ಷಿಯೆಂದರೆ ಕಣ್ಣಾರೆ ಕಂಡವನು. ಕಂಡದ್ದನ್ನು ನಾಲ್ಕು ಜನರ ಮುಂದೆ, ಅಗತ್ಯಬಿದ್ದರೆ ನ್ಯಾಯಸ್ಥಾನದಲ್ಲಿ, ಹೇಳಲು ಬದ್ಧನಾದವನು. ಆಪ್ತನೆಂದರೆ ನಂಬಿಕೆಗೆ ಅರ್ಹನಾದವನು. ಅವನ ಕಿವಿಗೆ ಬಿದ್ದ ಮಾತು ಅಲ್ಲಿಯೇ ಉಳಿಯುತ್ತದೆಂಬ ಭರವಸೆಯಿಂದ ಅವನ ಮುಂದೆ ಮನಸ್ಸು ಬಿಚ್ಚುತ್ತೇವೆ. ಒಂದು ಕೆಲಸ ಬಾಗಿಲನ್ನು ತೆರೆಯುವಂಥದು, ಇನ್ನೊಂದು ಮುಚ್ಚುವಂಥದು. ಇತ್ತೀಚಿನ ದಶಕಗಳಲ್ಲಿ ನೊಂದ ಸಮುದಾಯಗಳ ನಡುವೆ ದುಡಿಯುವ ಅನೇಕ ಸಂಸ್ಥೆಗಳು ಈ ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ನಡೆಯುತ್ತಿವೆ. ಇದು ಸಾಧ್ಯವೇ, ಸಾಧ್ಯವಾದರೆ ಯಾವ ಕಟ್ಟುಪಾಡಿನಲ್ಲಿ ಎಂಬುದು ಈ ಲೇಖನದ ಪ್ರಶ್ನೆ.

ಪ್ರಶ್ನೆಯನ್ನು ಬೇಗಂ ಬಜಾರಿನಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ನೆಲದಲ್ಲಿ ಬೆಳೆದ ಪೇಟೆ ಇದು. ಇಂದಿಗೂ ಹೈದರಾಬಾದಿನ ಅತಿ ದೊಡ್ಡ ಸಗಟು ಮಾರುಕಟ್ಟೆಗಳಲ್ಲಿ ಒಂದು. 1956ಕ್ಕೆ ಮೊದಲು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಈ ರಾಜಧಾನಿಗೇ ಸೇರಿದ್ದವು. ರಾಜ್ಯಗಳ ಗಡಿ ಬದಲಾದರೂ ಆ ಕಡೆಯ ಸಣ್ಣ ವ್ಯಾಪಾರಿಗಳು ಮದುವೆಯ ಪಾತ್ರೆಪಡಗ, ಒಣಹಣ್ಣು, ಕಿರಾಣಿಗೆಂದು ಹೈದರಾಬಾದಿನ ದಾರಿ ಹಿಡಿಯುವುದು ನಿಂತಿಲ್ಲ. ಇಲ್ಲಿ ಕ್ಯಾಮೆರಾ ತಂದವನಿಗೆ ನೋಟಕ್ಕೆ ಬರವಿಲ್ಲ. ಹಿತ್ತಾಳೆಯ ಹೊಳಪು, ಕೆಂಪು ಮೆಣಸಿನಕಾಯಿಯ ರಾಶಿ, ಇಕ್ಕಟ್ಟಿನ ಗಲ್ಲಿಯಲ್ಲಿ ಒಂದರ ಬೆನ್ನಿಗೊಂದು ಸಿಲುಕಿದ ಕೈಗಾಡಿಗಳು, ಅವುಗಳನ್ನು ಎಳೆಯುವ ಹಮಾಲರ ಬೆವರಿದ ಬೆನ್ನು. ಆದರೆ ಬೆನ್ನು ಕಂಡಷ್ಟು ಸುಲಭವಾಗಿ ಆ ಬೆನ್ನಿನವನ ರಾತ್ರಿ ಕಾಣುವುದಿಲ್ಲ. ಮೂಟೆಯ ಲೆಕ್ಕದ ಕೂಲಿ, ಊರಿನ ಸಾಲ, ಮೈನೋವಿಗೆಂದು ಆರಂಭವಾದ ಕುಡಿತ, ಬಾಡಿಗೆಯ ಒಂದು ಕೋಣೆಯಲ್ಲಿ ಅದರ ಪೆಟ್ಟು ತಿನ್ನುವ ಹೆಂಡತಿ, ಅಂಗಡಿಯ ಮಾಡದಲ್ಲಿ ಮಲಗುವ ಹುಡುಗ, ಇವರು ಯಾರ ಚೌಕಟ್ಟಿಗೂ ತಾವಾಗಿ ಬಂದು ನಿಲ್ಲುವವರಲ್ಲ.

ಪಕ್ಕದ ಧೂಲ್‌ಪೇಟೆಯನ್ನು ನೋಡಿದರೆ ಇನ್ನೊಂದು ಅಪಾಯ ಸ್ಪಷ್ಟವಾಗುತ್ತದೆ. ಗಣೇಶನ ಮೂರ್ತಿಗಳನ್ನು ಮಾಡುವ ಕಸುಬುದಾರರು ತುಂಬಿರುವ ಬಡಾವಣೆ ಅದು. ಆದರೂ ದಾಳಿಗಳ ಸುದ್ದಿಚಿತ್ರಗಳು ವರ್ಷಗಟ್ಟಲೆ ತೋರಿಸಿದ್ದು ಗುಡುಂಬಾದ ಕೊಡಗಳನ್ನು, ಕೈಯಿಂದ ಮುಖ ಮುಚ್ಚಿಕೊಂಡ ಹೆಂಗಸರನ್ನು. ಕಳ್ಳಭಟ್ಟಿಯ ವ್ಯವಹಾರ ಅಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಆ ಚಿತ್ರಗಳಿಂದ ಒಂದು ಇಡೀ ಬಡಾವಣೆಯ ವಿಳಾಸವೇ ಕಳಂಕವಾಗಿ ಪರಿಣಮಿಸಿತು. ಕೆಲಸಕ್ಕೆಂದು ಹೋದ ಕಡೆ ವಿಳಾಸ ಹೇಳಲು ಹಿಂಜರಿಯುವಂತೆ ಮಾಡುವ ಚಿತ್ರವು ಎಷ್ಟೇ ಸತ್ಯವಾಗಿದ್ದರೂ, ಚಿತ್ರಿತರ ಪಾಲಿಗೆ ಅದು ಎರಡನೆಯ ಶಿಕ್ಷೆ.

ಹಾಗಾದರೆ ಕ್ಯಾಮೆರಾವನ್ನು ದೂರವಿಡಬೇಕೆ? ಈ ನಗರದ ಚರಿತ್ರೆಯೇ ಹಾಗಲ್ಲವೆನ್ನುತ್ತದೆ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ’ ಎಂಬ ಚಲನಚಿತ್ರ ಬಳಗವನ್ನು ಕಟ್ಟಿದರು. ಅವರ ‘ತಂಬಾಕು ಚಾಕಿಲಾ ಊಬ್ ಆಲಿ’ (1982) ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಜೊತೆಗೂಡಿ ಮಾಡಿದ ಚಿತ್ರ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಮರುವರ್ಷ ಹೈದರಾಬಾದಿನಲ್ಲಿ ‘ಸ್ತ್ರೀ ಶಕ್ತಿ ಸಂಘಟನ’ದ ಜೊತೆ ಅವರು ಮಾಡಿದ ‘ಇದಿ ಕಥಾ ಮಾತ್ರಮೇನಾ’ ಎಂಬ ತೆಲುಗು ಚಿತ್ರ. ‘ಇದು ಕಥೆ ಮಾತ್ರವೇ’ ಎಂಬುದು ಹೆಸರಿನ ಅರ್ಥ. ಮನೆಯೊಳಗಿನ ಹಿಂಸೆ ಅದರ ವಸ್ತು. ಸಂಘಟನೆಯ ಹೆಂಗಸರು ತಮ್ಮ ಮತ್ತು ತಾವು ಬಲ್ಲವರ ಅನುಭವಗಳನ್ನು ಕುಳಿತು ಮಾತಾಡಿ, ಅವುಗಳಿಂದ ಒಂದು ಸಣ್ಣ ಕಥೆಯನ್ನು ನೇಯ್ದು, ನಟನೆಯ ಮೂಲಕ ತೆರೆಗೆ ತಂದರು. ಶಾಸ್ತ್ರಶುದ್ಧವಾಗಿ ಹೇಳುವುದಾದರೆ ಇದು ಸಾಕ್ಷ್ಯಚಿತ್ರವಲ್ಲ, ಕಥಾಚಿತ್ರ. ಆದರೆ ವಿಭಾಗಗಳಲ್ಲಿ ಕುಳಿತು ಪ್ರಕಾರಭೇದ ಮಾಡುವ ನಾವು ಇಲ್ಲಿ ಸ್ವಲ್ಪ ತಾಳಬೇಕು. ಪೆಟ್ಟು ತಿಂದ ಯಾವ ಹೆಣ್ಣಿನ ಮುಖವೂ ಈ ಚಿತ್ರದಲ್ಲಿ ಬಯಲಿಗೆ ಬರಲಿಲ್ಲ. ಅನೇಕರ ಅನುಭವ ಬಂದಿತು. ನೋಡುವ ಹೆಣ್ಣು ತನ್ನ ಹೆಸರನ್ನು ಹೇಳದೆಯೇ ‘ಇದು ನನ್ನ ಮನೆಯ ಮಾತು’ ಎಂದು ಒಳಗೇ ಅನ್ನಬಹುದು. ಧೈರ್ಯ ಬಂದರೆ ಪಕ್ಕದವಳಿಗೆ ಹೇಳಬಹುದು. ಹೇಳದೆಯೂ ಇರಬಹುದು. ಆಪ್ತಸಮಾಲೋಚಕನು ಮುಚ್ಚಿದ ಕೋಣೆಯಲ್ಲಿ ಮಾಡಲೆತ್ನಿಸುವ ಕೆಲಸದ ಮೊದಲ ಮೆಟ್ಟಿಲು ಇದೇ ತಾನೆ: ನಿನಗೆ ಆದದ್ದು ನಿನ್ನೊಬ್ಬಳಿಗೆ ಆದದ್ದಲ್ಲ, ಅದರಲ್ಲಿ ನಿನ್ನ ತಪ್ಪಿಲ್ಲ ಎಂಬ ಅರಿವು.

ಇಲ್ಲಿಂದ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳಬಹುದು. ಚಿತ್ರವು ಸಮಾಲೋಚನೆಯಾಗುವುದು ಚಿತ್ರೀಕರಣದ ಹೊತ್ತಿನಲ್ಲಿ ಅಲ್ಲವೇ ಅಲ್ಲ. ತಮ್ಮದೇ ಚಿತ್ರವನ್ನು ತಮ್ಮವರ ನಡುವೆ ಕುಳಿತು ನೊಂದವರು ನೋಡುವಾಗ, ನೋಡಿ ಮಾತಾಡುವಾಗ. ‘ಕ್ಯಾಮೆರಾದ ಮುಂದೆ ಹೇಳಿಕೊಂಡು ಅತ್ತು ಹಗುರಾದಳು’ ಎಂದು ಚಿತ್ರಕಾರರು ಆಗಾಗ ಹೇಳುವುದುಂಟು. ಅತ್ತವಳು ಹಗುರಾದಳೇ ಬರಿದಾದಳೇ ಎಂಬುದು ಆ ರಾತ್ರಿ ಅವಳ ಜೊತೆ ಇದ್ದವರಿಗೆ ಮಾತ್ರ ಗೊತ್ತು, ಮತ್ತು ಸಾಮಾನ್ಯವಾಗಿ ಚಿತ್ರತಂಡ ಅಷ್ಟು ಹೊತ್ತಿಗೆ ವಸತಿಗೃಹ ಸೇರಿರುತ್ತದೆ.

ಈ ತತ್ತ್ವಕ್ಕೆ ಹೊರಗಿನಿಂದ ಒಂದು ಪ್ರಸಿದ್ಧ ನಿದರ್ಶನವಿದೆ. 1967ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಫೋಗೋ ದ್ವೀಪದ ಮೀನುಗಾರರನ್ನು ಬೇರೆಡೆಗೆ ಸಾಗಿಸುವ ಮಾತು ಸರ್ಕಾರದಲ್ಲಿ ನಡೆದಿತ್ತು. ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಲಿಯ ಕಾಲಿನ್ ಲೋ ದ್ವೀಪಕ್ಕೆ ಹೋಗಿ ಒಂದು ದೊಡ್ಡ ಚಿತ್ರ ಮಾಡುವ ಬದಲು 27 ಕಿರುಚಿತ್ರಗಳನ್ನು ಮಾಡಿದರು. ಮೊದಲು ಅವುಗಳನ್ನು ಚಿತ್ರಿತರಿಗೇ ತೋರಿಸಿ ಒಪ್ಪಿಗೆ ಪಡೆದರು, ಬಳಿಕ ದ್ವೀಪದ ಬೇರೆ ಬೇರೆ ಊರುಗಳವರಿಗೆ ತೋರಿಸಿದರು, ಕೊನೆಗೆ ಮಂತ್ರಿಗಳಿಗೆ. ಎದುರೆದುರು ಕುಳಿತು ಮಾತಾಡದಿದ್ದ ಊರುಗಳು ತೆರೆಯ ಮೂಲಕ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಂಡವು. ಮೀನುಗಾರರ ಸಹಕಾರ ಸಂಘ ಎದ್ದಿತು, ಜನ ದ್ವೀಪದಲ್ಲಿಯೇ ಉಳಿದರು. ಎಲ್ಲವೂ ಚಿತ್ರಗಳಿಂದಲೇ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ತೋರಿಕೆಯ ಕ್ರಮ ಮಾತ್ರ ಮನನೀಯವಾದದ್ದು: ಮೊದಲು ಹೇಳಿದವನಿಗೆ, ಆಮೇಲೆ ನೆರೆಯವನಿಗೆ, ಕಡೆಗೆ ಅಧಿಕಾರಕ್ಕೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು. ಮೊದಲ ಪ್ರದರ್ಶನ ಚಿತ್ರೋತ್ಸವದಲ್ಲಿ, ಎರಡನೆಯದು ಧನಸಹಾಯ ನೀಡಿದವರ ಮುಂದೆ. ಗಲ್ಲಿಯವರಿಗೆ ತೋರಿಸುವುದು ಬಹುಮಟ್ಟಿಗೆ ಮರೆತೇಹೋಗುತ್ತದೆ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. 1984ರಲ್ಲಿ ಈ ನಗರದಲ್ಲಿ ಕೋಮುಗಲಭೆಗಳಾದಾಗ ‘ಹೈದರಾಬಾದ್ ಏಕತಾ’ದ ಕಾರ್ಯಕರ್ತರ ಜೊತೆ ದೀಪಾ ಧನರಾಜ್ ಅವರು ಮಾಡಿದ ‘ಕ್ಯಾ ಹುವಾ ಇಸ್ ಶಹರ್ ಕೋ’ (1986) ಚಿತ್ರವಿದೆ. ಭಾಷಣಗಳು, ಮೆರವಣಿಗೆಗಳು, ಕರ್ಫ್ಯೂವಿನಲ್ಲಿ ದಿನಗೂಲಿ ಕಳೆದುಕೊಂಡ ಬಡವರು ಅದರಲ್ಲಿದ್ದಾರೆ. ಬೀದಿಯಲ್ಲಿ ದ್ವೇಷವನ್ನು ಬಿತ್ತುತ್ತಿರುವ ನಾಯಕನ ಒಪ್ಪಿಗೆ ಕೇಳಿ ಕ್ಯಾಮೆರಾ ತೆರೆಯಬೇಕೆಂದರೆ ಅದು ಮೂರ್ಖತನ. ಬಲಶಾಲಿಯು ಸಾರ್ವಜನಿಕವಾಗಿ ಮಾಡಿದ್ದಕ್ಕೆ ಸಾಕ್ಷ್ಯ ಬೇಕು, ಅದೂ ತಕ್ಷಣ ಬೇಕು. ಆದುದರಿಂದ ನಾನು ಹೇಳುವ ಕಟ್ಟುಪಾಡು ನೊಂದವನ ಮುಖ ಮತ್ತು ಮಾತಿಗೆ ಸಂಬಂಧಿಸಿದ್ದು. ನೋಯಿಸಿದವನಿಗೆ ಆ ರಕ್ಷಣೆ ಸಲ್ಲದು. ಎರಡನ್ನೂ ಒಂದೇ ‘ಚಿತ್ರಕಾರನ ಸ್ವಾತಂತ್ರ್ಯ’ದ ಹೆಸರಿನಲ್ಲಿ ಕಲಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಆನಂದ್ ಪಟವರ್ಧನ್ ಅವರು ಮುಂಬಯಿಯ ಬೀದಿವಾಸಿಗಳ ಬಗ್ಗೆ ಮಾಡಿದ ‘ಹಮಾರಾ ಶಹರ್’ (1985) ಚಿತ್ರದಲ್ಲಿ ಒಬ್ಬ ಹೆಂಗಸು, ಬಡವರ ಚಿತ್ರ ತೆಗೆದು ಹೆಸರು ಮಾಡಲು ಬಂದವನೆಂದು ಚಿತ್ರಕಾರನನ್ನೇ ತರಾಟೆಗೆ ತೆಗೆದುಕೊಳ್ಳುವ ದೃಶ್ಯವಿದೆ. ಪಟವರ್ಧನ್ ಅದನ್ನು ಕತ್ತರಿಸಿ ಎಸೆಯದೆ ಉಳಿಸಿಕೊಂಡರು. ಅದು ಪ್ರಾಮಾಣಿಕತೆ, ನಿಜ. ಆದರೆ ಆಕೆಯ ಪ್ರಶ್ನೆಗೆ ಅದು ಉತ್ತರವಾಗಲಿಲ್ಲವೆಂದೂ ಹೇಳಬೇಕಾಗುತ್ತದೆ.

ಉತ್ತರಕ್ಕೆ ತೀರ ಹತ್ತಿರ ಬಂದವರು, ನಾನು ತಿಳಿದಮಟ್ಟಿಗೆ, ಬೀದರಿನ ನೆರೆಯ ಜಹೀರಾಬಾದಿನ ದಲಿತ ಹೆಣ್ಣುಮಕ್ಕಳು. ಈ ಕಥೆಯಲ್ಲಿ ಕನ್ನಡಿಗರಿಗೆ ಆಸಕ್ತಿಯ ಸಂಗತಿಯೊಂದಿದೆ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಕರ್ನಾಟಕ ಮತ್ತು ಆಂಧ್ರದ ಹಳ್ಳಿಗಳಿಗೆ ಕನ್ನಡ, ತೆಲುಗು ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನ ಕೇಂದ್ರದಲ್ಲಿ. ಆ ಕಾಲದ ದೂರದರ್ಶನದಲ್ಲಿ ನಿರ್ಮಾಪಕರಾಗಿ ದುಡಿದವರಲ್ಲಿ ಒಬ್ಬರು ಮೈಸೂರಿನವರಾದ ಪಿ. ವಿ. ಸತೀಶ್, ಅಂದರೆ ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್. ಅವರು 1983ರಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿ, ಪಸ್ತಾಪುರದ ಸುತ್ತಿನ ಹಳ್ಳಿಗಳಲ್ಲಿ ದಲಿತ ಮಹಿಳೆಯರ ಸಂಘಗಳೊಂದಿಗೆ ಕೆಲಸ ಮಾಡಿದರು. 2023ರ ಮಾರ್ಚ್ 19ರಂದು ತೀರಿಕೊಂಡರು. ಸಿರಿಧಾನ್ಯಗಳ ಮಾತು ಬಂದಾಗ ಅವರನ್ನು ನೆನೆಯುವುದುಂಟು. ಆದರೆ ದೂರದರ್ಶನ ಬಲ್ಲ ಒಬ್ಬ ವ್ಯಕ್ತಿ ಕ್ಯಾಮೆರಾವನ್ನು ತಾನು ಹಿಡಿಯದೆ, ಓದುಬರಹ ಬಾರದ ಕೂಲಿ ಹೆಂಗಸರ ಕೈಗೆ ಕೊಟ್ಟದ್ದು ಅಷ್ಟೇ ದೊಡ್ಡ ಸಂಗತಿಯೆಂದು ನನಗೆ ತೋರುತ್ತದೆ.

ಆ ಹೆಂಗಸರು ಕಲಿತ ಬಗೆ ಇನ್ನೂ ಕುತೂಹಲಕರವಾದದ್ದು. ಕ್ಯಾಮೆರಾದ ಕೋನಗಳಿಗೆ ಅವರು ತಮ್ಮ ಬದುಕಿನಿಂದಲೇ ಹೆಸರಿಟ್ಟರು. ಮೇಲಿನಿಂದ ಕೆಳಗೆ ನೋಡುವುದು ‘ಪಟೇಲ್ ಶಾಟ್’, ಏಕೆಂದರೆ ಜಮೀನುದಾರ ತಮ್ಮನ್ನು ನೋಡುವುದು ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದಾಳಿನ ನೋಟ. ಕಣ್ಣಿಗೆ ಕಣ್ಣು ಸಮನಾಗಿ ನೋಡುವುದು ‘ಸಂಘಂ ಶಾಟ್’. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಮನಾಗಿ ಕೂರುತ್ತಾರಲ್ಲ! ಚಲನಚಿತ್ರ ಮೀಮಾಂಸೆಯ ಎಷ್ಟೋ ಪುಟಗಳು ಹೇಳಬಯಸಿದ್ದನ್ನು ಈ ಮೂರು ಹೆಸರುಗಳು ಹೇಳಿವೆ. ಸಮಾಲೋಚಕರ ತರಬೇತಿಯಲ್ಲಿಯೂ ಮೊದಲು ಕಲಿಸುವುದು ಇದನ್ನೇ: ಎದುರಿಗೆ ಕುಳಿತವರಿಗಿಂತ ಎತ್ತರದಲ್ಲಿ ಕೂರಬೇಡ. ಈ ಹೆಂಗಸರ ‘ಸಮುದಾಯ ಮಾಧ್ಯಮ ಟ್ರಸ್ಟ್’ ವಾರಂಗಲ್ಲಿನ ಬಿ.ಟಿ. ಹತ್ತಿ ಬೆಳೆಗಾರರ ಸಂಕಷ್ಟವನ್ನು ಸತತವಾಗಿ ಹಿಂಬಾಲಿಸಿ ಚಿತ್ರಿಸಿತು. 2008ರ ಅಕ್ಟೋಬರ್ 15ರಂದು ಅವರದೇ ‘ಸಂಘಂ ರೇಡಿಯೋ’ ಮಾಚನೂರಿನಿಂದ ಆರಂಭವಾಯಿತು. ಬೆಳೆ ಹೋದ ರೈತನ ಮನೆಗೆ ಹೊರಗಿನ ವರದಿಗಾರ ಹೋಗುವುದಕ್ಕೂ ತಾನೂ ಎಕರೆ ಲೆಕ್ಕದ ಬಂಜರನ್ನು ಉತ್ತು ಬಲ್ಲವಳು ಹೋಗುವುದಕ್ಕೂ ವ್ಯತ್ಯಾಸವಿದೆ. ಅವಳು ಕೇಳುವ ಮೊದಲ ಪ್ರಶ್ನೆಯಲ್ಲಿಯೇ ಅರ್ಧ ಸಮಾಧಾನವಿರುತ್ತದೆ.

ಹೈದರಾಬಾದಿನ ಇನ್ನೊಂದು ಯತ್ನ ಇದಕ್ಕಿಂತ ಬೇರೆ ಬಗೆಯದು, ಮತ್ತು ಅದರ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಕಷ್ಟ. ಮೂಸಿಯ ಆಚೆ ದಡದ ಹಳೆಯ ನಗರದಲ್ಲಿ ‘ಮೆಹಬೂಬ್ ಕಿ ಮೆಹಂದಿ’ ಎಂಬ ವೇಶ್ಯಾವಾಟಿಕೆ ಇತ್ತು. 1996ರಲ್ಲಿ ಅದನ್ನು ತೆರವುಗೊಳಿಸಿದಾಗ, ಬೆಂಗಳೂರಿನಲ್ಲಿ ಹುಟ್ಟಿದ ಸುನೀತಾ ಕೃಷ್ಣನ್ ಅವರು ಅಲ್ಲಿನ ಮಕ್ಕಳಿಗೆ ಶಾಲೆ ತೆರೆಯುವ ಮೂಲಕ ‘ಪ್ರಜ್ವಲಾ’ವನ್ನು ಆರಂಭಿಸಿದರು. ಮಾನವ ಸಾಗಾಟದಿಂದ ಬಿಡಿಸಿ ತಂದವರಿಗೆ ಆಶ್ರಯ, ಸಮಾಲೋಚನೆ, ಕಸುಬಿನ ತರಬೇತಿ ಅದರ ಕೆಲಸ. ಚಿತ್ರನಿರ್ದೇಶಕ ರಾಜೇಶ್ ಟಚ್‌ರಿವರ್ ಅವರೊಂದಿಗೆ ‘ಅನಾಮಿಕಾ’ದಂಥ ಸಾಕ್ಷ್ಯಚಿತ್ರಗಳೂ, 2013ರ ಕಥಾಚಿತ್ರ ‘ನಾ ಬಂಗಾರು ತಲ್ಲಿ’ಯೂ ಇದೇ ಅನುಭವದಿಂದ ಬಂದವು. ಇಲ್ಲಿನ ಬಲ ಯಾವುದೆಂದರೆ ಚಿತ್ರ ಮುಗಿದ ಮೇಲೂ ಸಂಸ್ಥೆ ಅಲ್ಲಿಯೇ ಇರುತ್ತದೆ. ಮಾತಾಡಿದವಳಿಗೆ ಮಾರನೆಯ ದಿನ ಹೋಗಲು ಬಾಗಿಲೊಂದಿದೆ. ಆದರೆ ಅದೇ ಬಲದಲ್ಲಿ ಒಂದು ತೊಡಕೂ ಅಡಗಿದೆ, ಇದು ಯಾವುದೇ ಆಶ್ರಯಧಾಮಕ್ಕೂ ಅನ್ವಯಿಸುವ ಮಾತು. ಊಟ, ಸೂರು, ರಕ್ಷಣೆ ಕೊಡುತ್ತಿರುವವರೇ ‘ಚಿತ್ರದಲ್ಲಿ ಮಾತಾಡುತ್ತೀಯಾ’ ಎಂದು ಕೇಳಿದರೆ ‘ಇಲ್ಲ’ ಎನ್ನುವುದು ಎಷ್ಟು ಜನರಿಗೆ ಸಾಧ್ಯ?

ಗಡಿಯ ಸಾಂಗಲಿಯಲ್ಲಿ ವೇಶ್ಯಾವೃತ್ತಿಯ ಹೆಂಗಸರು ತಾವೇ ಕಟ್ಟಿಕೊಂಡ ‘ವ್ಯಾಂಪ್’ ಎಂಬ ಸಂಘಟನೆ ಈ ಪ್ರಶ್ನೆಯನ್ನು ಬೇರೊಂದು ತುದಿಯಿಂದ ಎತ್ತಿತು. ಅವರಲ್ಲಿ ಉತ್ತರ ಕರ್ನಾಟಕದ ದೇವದಾಸಿ ಮನೆತನಗಳವರೂ ಇದ್ದಾರೆ. 2010ರಲ್ಲಿ ಹೊರದೇಶದ ಒಂದು ತಂಡ ತಮ್ಮ ಬಗ್ಗೆ ಮಾಡಿದ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರವನ್ನು ನೋಡಿದ ಆ ಹೆಂಗಸರು, ತಮ್ಮನ್ನು ತಪ್ಪಾಗಿ ಬಿಂಬಿಸಲಾಗಿದೆಯೆಂದು ಪ್ರತಿಭಟಿಸಿ, ಉತ್ತರವಾಗಿ ತಾವೇ ಒಂದು ವಿಡಿಯೋ ಮಾಡಿ ಹೊರತಂದರು. ಬಿಡಿಸುವುದೇ ಸರಿಯೆನ್ನುವವರಿಗೂ ನಮ್ಮನ್ನು ಬಿಡಿಸಲು ಬರಬೇಡಿ ಎನ್ನುವವರಿಗೂ ನಡುವಿನ ವಾದ ದೊಡ್ಡದು, ಅದನ್ನು ಈ ಪುಟಗಳಲ್ಲಿ ಬಗೆಹರಿಸಲಾಗದು. ಚಿತ್ರದ ಮಟ್ಟಿಗೆ ಮಾತ್ರ ಆ ಪ್ರಸಂಗದ ಪಾಠ ಸ್ಪಷ್ಟವಿದೆ. ಒಮ್ಮೆ ಸಹಿ ಹಾಕಿದ ಒಪ್ಪಿಗೆ ಪತ್ರವು ಒಪ್ಪಿಗೆಯಲ್ಲ. ಚಿತ್ರೀಕರಣಕ್ಕೆ ಮೊದಲೊಮ್ಮೆ, ಸಂಕಲನವಾದ ಮೇಲೊಮ್ಮೆ, ಹೊರಗೆ ತೋರಿಸುವ ಮುನ್ನ ಇನ್ನೊಮ್ಮೆ ಕೇಳಬೇಕು. ಮೂರನೆಯ ಸಲ ‘ಬೇಡ’ ಎಂದರೂ ಮಾತು ನಡೆಯಬೇಕು. ಅಷ್ಟು ದುಡ್ಡು ಸುರಿದು ಮಾಡಿದ ಚಿತ್ರವನ್ನು ಒಬ್ಬ ಹೆಣ್ಣಾಳಿನ ‘ಬೇಡ’ಕ್ಕಾಗಿ ಪೆಟ್ಟಿಗೆಗೆ ಸೇರಿಸುವುದೇ ಎಂದು ಕೇಳುವವರು ಸಮಾಲೋಚನೆಯ ಹೆಸರನ್ನು ತಮ್ಮ ಚಿತ್ರಕ್ಕೆ ಜೋಡಿಸಬಾರದು, ಅಷ್ಟೆ.

ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಚಿಕಿತ್ಸಾಲಯದಲ್ಲಿರುವ ವ್ಯಕ್ತಿಯ ಭಾವಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಅತ್ಯಾಚಾರಕ್ಕೊಳಗಾದವರ ಗುರುತನ್ನು ಪ್ರಕಟಿಸುವುದು 1983ರಿಂದಲೇ ಅಪರಾಧ. ಆದರೆ ಚಿಕಿತ್ಸಾಲಯದ ಹೊರಗೆ, ಗಲ್ಲಿಯಲ್ಲಿ, ಇಂದು ಪ್ರತಿಯೊಬ್ಬನ ಜೇಬಿನಲ್ಲಿಯೂ ಕ್ಯಾಮೆರಾ ಇರುವಾಗ, ಕಾಯಿದೆಯ ಕೈ ಎಷ್ಟು ಉದ್ದ? ಕುಡಿದು ಚರಂಡಿಯ ಬದಿ ಬಿದ್ದ ಹಮಾಲನೊಬ್ಬನ ದೃಶ್ಯ ಸಂಜೆಯೊಳಗೆ ಅವನ ಮಗಳ ಶಾಲೆಯ ಗೆಳತಿಯರ ಕೈಗೆ ತಲುಪಬಲ್ಲದು. ಅವನ ಮನೆಗೆ ಹೋಗುವ ಸಮಾಲೋಚಕನು ಇನ್ನು ಮುಂದೆ ಕುಡಿತದ ಜೊತೆಗೆ ಆ ದೃಶ್ಯದ ಅವಮಾನವನ್ನೂ ಎದುರಿಸಬೇಕಾಗುತ್ತದೆ.

ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಈ ಚರ್ಚೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಮಾಲೋಚನೆಯು ಭಾಷೆಯಿಂದಲ್ಲದೆ ಬೇರೆ ಯಾವ ಔಷಧದಿಂದಲೂ ನಡೆಯುವುದಿಲ್ಲವೆಂಬುದು ನನ್ನ ಉತ್ತರ. ಬೀದರ, ಕಲಬುರಗಿ, ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಹಮಾಲಿಗೆ ಈ ನಗರಕ್ಕೆ ಬಂದವರು ಪೇಟೆಯಲ್ಲಿ ದಖನಿಯಲ್ಲಿಯೋ ತೆಲುಗಿನಲ್ಲಿಯೋ ವ್ಯವಹರಿಸುತ್ತಾರೆ. ನೋವನ್ನು ಹೇಳಬೇಕಾದಾಗ ಆ ಭಾಷೆಗಳು ಕೈಕೊಡುತ್ತವೆ. ‘ಖಿನ್ನತೆ’ ಎಂಬ ನಮ್ಮ ಪಾರಿಭಾಷಿಕ ಪದ ಅವರ ಬಾಯಲ್ಲಿಲ್ಲ. ‘ಜೀವಕ್ಕ ಸಮಾಧಾನ ಇಲ್ರಿ’, ‘ಎದಿ ಒಡದಂಗ ಆಗೇದ’, ‘ತಲಿ ಕೆಟ್ಟೋಗೇದ’ ಎನ್ನುತ್ತಾರೆ. ಈ ಮೂರು ಮಾತುಗಳು ಮೂರು ಬೇರೆ ಸ್ಥಿತಿಗಳನ್ನು ಹೇಳುತ್ತವೆ. ಇವನ್ನೆಲ್ಲ ‘ಬೇಜಾರು’ ಎಂದು ಬರೆದುಕೊಳ್ಳುವ ಸಮಾಲೋಚಕ, ಒಂದೇ ಇಂಗ್ಲಿಷ್ ಪದದ ಅಡಿಬರಹಕ್ಕೆ ಇಳಿಸುವ ಚಿತ್ರಕಾರ, ಇಬ್ಬರೂ ಹೇಳಿದ್ದನ್ನು ಕೇಳಿಸಿಕೊಂಡಿಲ್ಲ. (ಬೇಜಾರು ಪಾರಸಿಯಿಂದ ಬಂದ ಪದವೆಂಬುದೂ ಹೈದರಾಬಾದಿನಲ್ಲಿ ಕುಳಿತವರಿಗೆ ನೆನಪಿರಲಿ, ಕಡ ತಂದ ಪದ ನಮ್ಮ ಎಲ್ಲ ನೋವುಗಳ ಹೊರೆಯನ್ನು ಹೊತ್ತುಕೊಂಡುಬಿಟ್ಟಿದೆ.)

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ಮನೋರೋಗ ಚಿಕಿತ್ಸೆಯನ್ನು ಹಳ್ಳಿಗಳಿಗೆ ತಂದರು. ಅದೇ ಮಾದರಿ 1996ರಲ್ಲಿ ರಾಷ್ಟ್ರದ ಜಿಲ್ಲಾ ಕಾರ್ಯಕ್ರಮಕ್ಕೆ ಆಧಾರವಾಯಿತು. ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆದ ಪುಸ್ತಕಗಳು ಎಷ್ಟೋ ಮನೆಗಳಿಗೆ ತಲುಪಿವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೂ ಮಾತಾಡಬಹುದು. ಇಷ್ಟು ಅಡಿಪಾಯ ಇರುವಾಗ ಹೊರನಾಡಿನ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಸಣ್ಣದೇನಲ್ಲ. ಜನಪದ ಗೀತೆಗಳನ್ನು ಸಂಗ್ರಹಿಸಲು ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿ ಸುತ್ತಿದ ಪರಂಪರೆ ನಮ್ಮದು. ಅದೇ ಶ್ರದ್ಧೆಯಿಂದ ವಲಸೆ ಕಾರ್ಮಿಕರ ದುಃಖದ ನುಡಿಗಟ್ಟುಗಳನ್ನು, ಅವರ ಹೆಸರು ಹಿಡಿಯದೆ, ಸಂಗ್ರಹಿಸಿ ಸಮಾಲೋಚಕರಿಗೂ ಚಿತ್ರಕಾರರಿಗೂ ಒದಗಿಸಬಹುದು. ಅಡಿಬರಹದ ಅನುವಾದವನ್ನು ಸ್ನಾತಕೋತ್ತರ ತರಗತಿಯಲ್ಲಿ ಒಂದು ಅಭ್ಯಾಸವಾಗಿ ಇಡಬಹುದು. ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬೇಕಾದದ್ದು ಸಂಜೆಯ ಹೊತ್ತು.

ಬೇಗಂ ಬಜಾರಿನ ಕುರಿತು ಯಾರಾದರೂ ಅಂಥ ಚಿತ್ರವೊಂದನ್ನು ಮಾಡಹೊರಟರೆ ಕೆಲಸ ಕೇಳಿಸಿಕೊಳ್ಳುವವರಿಂದ ಆರಂಭವಾಗಬೇಕು, ಕ್ಯಾಮೆರಾ ತಿಂಗಳುಗಳ ನಂತರ ಬಂದರೆ ಸಾಕು. ಮುಖ ಕಾಣಿಸಲೊಲ್ಲದವರ ಕೈಗಳು, ಧ್ವನಿ, ಅಥವಾ ಅವರೇ ಕಟ್ಟಿ ಆಡುವ ಕಥೆ ಇರಲಿ. ಮೊದಲ ಪ್ರದರ್ಶನ ಅಂಗಡಿಗಳ ಬಾಗಿಲು ಹಾಕಿದ ಮೇಲೆ ಅಲ್ಲಿಯೇ ಒಂದು ಗಲ್ಲಿಯಲ್ಲಿ, ಗೋಡೆಯ ಮೇಲೆ ಬಟ್ಟೆ ಕಟ್ಟಿ ನಡೆಯಲಿ. ಹೆಂಗಸರಿಗೆ ಬೇರೆಯಾಗಿ, ಬೇರೆ ಹೊತ್ತಿನಲ್ಲಿ, ಕೇಳಿಸಿಕೊಳ್ಳುವವಳೊಬ್ಬಳು ಅವರ ನಡುವೆ ಕುಳಿತಿರುವಾಗ ಇನ್ನೊಮ್ಮೆ ನಡೆಯಲಿ. ಅದನ್ನು ಹೊರಗೆ ಕೊಂಡೊಯ್ಯಬಹುದೇ ಎಂಬುದನ್ನು ಆ ಎರಡು ರಾತ್ರಿಗಳಲ್ಲಿ ನೋಡಿದವರು ತೀರ್ಮಾನಿಸುತ್ತಾರೆ.